ಟಗರಾದ ಜಟ್ಟಿಗಳು, ಗುದ್ದಲಿಯ ಬಾಳವ್ವ

ಬೆಟ್ಟಗಳೂ ಆಗೊಮ್ಮೆ ಈಗೊಮ್ಮೆ ಮಗ್ಗುಲು ಬದಲಿಸುತ್ತಿದ್ದ ಕಾಲ ಅದು. ಕೆಂಪುದುರ್ಗ ಅಂತ ಒಂದು ರಾಜ್ಯ. ಅಲ್ಲಿ ಅರಮನೆಗಿಂತ ಗರಡಿಮನೆಗೇ ಮರ್ಯಾದೆ ಜಾಸ್ತಿ. ಗರಡಿಯ ಗುರು ಭೈರಣ್ಣನಿಗೆ ಒಬ್ಬಳೇ ಮಗಳು, ಬಾಳವ್ವ.

ಬಾಳವ್ವನಿಗೆ ಕುಸ್ತಿ ಅಂದರೆ ಪ್ರಾಣ. ಅಪ್ಪ ಮಾತ್ರ ಹನ್ನೆರಡು ವರ್ಷ ಅವಳ ಕೈಗೆ ಕೊಟ್ಟದ್ದು ಬರೀ ಗುದ್ದಲಿ. ದಿನಾ ಬೆಳಿಗ್ಗೆ ಅಖಾಡದ ಕೆಮ್ಮಣ್ಣು ಅಗೆದು, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಬೇಕು. ಒಂದು ಏಟಿಗೆ ಒಂದು ಉಸಿರು. "ಕಲ್ಲು ಸಿಕ್ಕರೆ ಬೈಬೇಡ. ಬಗ್ಗು, ಎತ್ತು, ದಡಕ್ಕಿಡು," ಅನ್ನುತ್ತಿದ್ದ ಭೈರಣ್ಣ. ಒಂದು ಪಟ್ಟನ್ನೂ ಕಲಿಸಲಿಲ್ಲ. "ಗುದ್ದಲಿ ಪೈಲ್ವಾನ್ ಬಂದ್ಲು ನೋಡ್ರೋ!" ಅಂತ ಜಟ್ಟಿಗಳು ನಗುತ್ತಿದ್ದರು. ನಗಲಿ ಬಿಡಿ, ಅವರ ಗತಿ ಏನಾಯಿತು ಅಂತ ಈಗ ಹೇಳುತ್ತೇನೆ.

ಒಂದು ದಿನ ಜಟಂಗನೆಂಬ ಗಡ್ಡದ ಮಾಂತ್ರಿಕ ಅಖಾಡಕ್ಕಿಳಿದ. "ಮೂರು ದಿನದೊಳಗೆ ನನ್ನನ್ನು ಚಿತ್ ಮಾಡಿ. ಆಗದಿದ್ದರೆ ರಾಜ್ಯ ನನ್ನದು!" ಎಂದ. ಅವನ ಮಾಯೆ ಇಷ್ಟೇ: ಎದುರಾಳಿಗೆ ಸಿಟ್ಟೋ ಸೊಕ್ಕೋ ಬಂದರೆ ತಲೆಯಲ್ಲಿ ಕೊಂಬು ಮೂಡಿ, ಆ ಎದುರಾಳಿ ಟಗರಾಗುತ್ತಿದ್ದ.

ಮೊದಲ ದಿನ ಜಟಂಗ ಜಟ್ಟಿಗಳ ಮೀಸೆಯನ್ನು ಹೀಯಾಳಿಸಿದ. ಅಷ್ಟಕ್ಕೇ ಉರಿದೆದ್ದು ನಲವತ್ತು ಜಟ್ಟಿಗಳು ನಲವತ್ತು ಟಗರುಗಳಾದರು. ಎರಡನೆಯ ದಿನ ಭೈರಣ್ಣ ಇಳಿದ. ಜಟಂಗ ಎಷ್ಟು ಬೈದರೂ ಅವನು ಜಗ್ಗಲಿಲ್ಲ. ಕೊನೆಗೆ ಜಟಂಗ ಅಖಾಡದ ಮಣ್ಣಿಗೆ ಥೂ ಅಂತ ಉಗಿದ. ಗರಡಿಯವರು ಏನನ್ನಾದರೂ ಸಹಿಸಿಯಾರು, ಮಣ್ಣಿಗಾದ ಅವಮಾನ ಸಹಿಸರು. ಭೈರಣ್ಣ ಗುಡುಗಿದ, ಟಗರಾದ. ಜಟಂಗನನ್ನು ಯಾರೂ ಚಿತ್ ಮಾಡದೆ ಮೂರನೆಯ ದಿನ ಹೊತ್ತು ಮುಳುಗಿದರೆ ಟಗರುಗಳು ಟಗರುಗಳಾಗಿಯೇ ಉಳಿಯುತ್ತಿದ್ದವು.

ಮೂರನೆಯ ದಿನ ಬಾಳವ್ವ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಇಳಿದಳು.

"ಗುದ್ದಲಿ ಹಿಡಿಯೋ ಕೈ! ಹೋಗು, ಹಿತ್ತಲಲ್ಲಿ ಬದನೆ ನೆಡು," ಎಂದ ಜಟಂಗ. ಬಾಳವ್ವನ ನೆತ್ತಿ ತುರಿಸಿತು. ಅವಳು ಉಸಿರೆಳೆದು ಬಿಟ್ಟಳು, ತುರಿಕೆ ನಿಂತಿತು.

ಜಟಂಗ ಗುರುಟಗರಿನ ಕಿವಿ ಹಿಂಡಿದ. ಟಗರು ಭೈರಣ್ಣನ ದನಿಯಲ್ಲೇ ಹೇಳಿತು: "ಇವಳು ದಡ್ಡಿ. ಅದಕ್ಕೇ ಪಟ್ಟು ಕಲಿಸಲಿಲ್ಲ." ಅಯ್ಯೋ, ಆ ಮಾತು ಎಂಥಾ ಜಾಗಕ್ಕೆ ನಾಟಿತು! ಹನ್ನೆರಡು ವರ್ಷ ಅವಳು ಹೆದರಿದ್ದು ಅದಕ್ಕೇ. ಗೇಣುದ್ದ ಕೊಂಬು ಮೂಡಿಯೇಬಿಟ್ಟಿತು.

"ಸಿಟ್ಟು ಬಂತಲ್ಲ," ಎಂದಳು ಬಾಳವ್ವ ತನ್ನಷ್ಟಕ್ಕೆ. "ಇದೂ ಕಲ್ಲೇ." ಎಲ್ಲರೆದುರು ಬಗ್ಗಿದಳು, ಇಲ್ಲದ ಕಲ್ಲನ್ನು ಎತ್ತಿದಳು, ದಡಕ್ಕಿಟ್ಟಳು. ಜನ ಅವಳಿಗೆ ಹುಚ್ಚು ಹಿಡಿಯಿತು ಅಂದುಕೊಂಡರು. ಕೊಂಬು ಮಾತ್ರ ಪಟ್ಟನೆ ಉದುರಿತು.

ಜಟಂಗ ಬಣ್ಣ ಬದಲಿಸಿದ. "ತಾಯೀ, ನಿನ್ನಂಥ ಜಟ್ಟಿ ಮೂರು ಲೋಕದಲ್ಲಿಲ್ಲ!" ಬಾಳವ್ವನ ಎದೆ ಉಬ್ಬಿತು, ಚಿನ್ನದ ಕೊಂಬಿನ ಮೊಳಕೆ ಕಂಡಿತು. "ಓಹೋ, ಇದು ಹೊಳೆಯೋ ಕಲ್ಲು," ಎಂದು ನಕ್ಕು ಅದನ್ನೂ ದಡಕ್ಕಿಟ್ಟಳು.

ಈಗ ಸಿಟ್ಟು ಬಂದದ್ದು ಜಟಂಗನಿಗೆ. "ಸಿಟ್ಟಾಗೇ, ಸಿಟ್ಟಾಗು!" ಅಂತ ಕಿರುಚುತ್ತಾ ಮೇಲೆ ಬಿದ್ದ. ಅಖಾಡದಲ್ಲಿ ಎಲ್ಲಿ ಮಣ್ಣು ಮೆತ್ತಗೆ ಅಂತ ಅಗೆದವಳಿಗೆ ಗೊತ್ತಿಲ್ಲವೇ? ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಅವನ ಕಾಲು ಮೊಣಕಾಲಿನವರೆಗೆ ಹೂತಿತು. ಹೆಗಲು ಹಿಡಿದು ತಳ್ಳಿದಳು. ಜಟಂಗ ಚಿತ್! ಅವನ ಮಾಯೆ ಅವನಿಗೇ ತಿರುಗಿ, ಅವನ ತಲೆಯಲ್ಲೇ ಕೊಂಬು ಮೂಡಿ, ಗಡ್ಡದ ಟಗರೊಂದು "ಮ್ಯಾ" ಅಂದಿತು.

ಊರಿಗೆ ಊರೇ ಕುಣಿಯಿತು. ಟಗರುಗಳೆಲ್ಲ ಮನುಷ್ಯರಾಗಿ ಎದ್ದು, ಮೊದಲು ತಲೆ ಮುಟ್ಟಿ ನೋಡಿಕೊಂಡವು. ಭೈರಣ್ಣ ಮಗಳ ಮುಂದೆ ಬಂದು ನಿಂತ.

"ಆ ಮಾತು ನನ್ನದಲ್ಲ ಮಗಳೇ. ಪಟ್ಟು ಹೇಳಿಕೊಡಲಿಲ್ಲ ಅಂತ ಸಿಟ್ಟಿದೆಯಾ?"

"ಇತ್ತಪ್ಪಾ. ದಡಕ್ಕಿಟ್ಟೆ."

ಭೈರಣ್ಣನ ಕಣ್ಣು ತುಂಬಿತು. "ಹೇಳಿಕೊಟ್ಟ ನಾನೇ ನನ್ನ ಕಲ್ಲು ಎತ್ತಲಿಲ್ಲ ನೋಡು," ಎಂದ.

ಮರುದಿನ ಬೆಳಿಗ್ಗೆ ಬಾಳವ್ವ ಬರುವಷ್ಟರಲ್ಲಿ ಗುದ್ದಲಿ ಜಾಗದಲ್ಲಿರಲಿಲ್ಲ. ಅಖಾಡದಲ್ಲಿ ಅಪ್ಪ ಅಗೆಯುತ್ತಿದ್ದ, ಹಿಂದೆ ನಲವತ್ತು ಜಟ್ಟಿಗಳು ಬಗ್ಗಿ ಕಲ್ಲು ಆಯುತ್ತಿದ್ದರು. ಮಣ್ಣು ಹದವಾದ ಮೇಲೆ ಭೈರಣ್ಣ ಮಗಳನ್ನು ಕರೆದು ಮೊದಲ ಪಟ್ಟು ತೋರಿಸಿದ. ಕೆಂಪುದುರ್ಗ ಅಂದಿನಿಂದ ನಗುನಗುತ್ತಾ ಬಾಳಿತು, ಗಡ್ಡದ ಟಗರೊಂದನ್ನು ಬಿಟ್ಟು.