ಹುತ್ತ ಒಡೆದವರು

1966ರ ಏಪ್ರಿಲ್. ಬೆಳಿಗ್ಗೆ ಎಂಟಕ್ಕೆ ಮರದ ಡಿಪೋ ಮಾಲೀಕ ಮಂಜುನಾಥಪ್ಪ ಬರಿಗಾಲಲ್ಲೇ ಹೊಸನಗರ ಠಾಣೆಗೆ ಬಂದರು. ಬೊಂಬಾಯಿಯಿಂದ ತರಿಸಿದ್ದ ಬ್ರೆಜಿಲ್ ದೇಶದ ಕೆಂಪು ಜುಟ್ಟಿನ ಹಾಡುಹಕ್ಕಿಗಳ ಜೋಡಿಯಿದ್ದ ಪಂಜರವೇ, ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳ ಸಮೇತ, ಮಾಯವಾಗಿತ್ತು.

ಸಬ್‌ಇನ್ಸ್‌ಪೆಕ್ಟರ್ ಗಣೇಶಮೂರ್ತಿ ಎಫ್‌ಐಆರ್ ಬರೆದು, ಕಾನ್‌ಸ್ಟೇಬಲ್ ದುಗ್ಗಪ್ಪನೊಂದಿಗೆ ಸ್ಥಳ ಪಂಚನಾಮೆಗೆ ಹೋದರು. ಪಂಜರವಿದ್ದ ಜಗುಲಿಯ ಮೂಲೆಯಲ್ಲಿ ಕೆಂಪು ಮಣ್ಣಿನ ಹೆಂಟೆ, ಅದರಲ್ಲಿ ಸತ್ತ ಗೆದ್ದಲು.

"ಇದು ಹುತ್ತದ ಮಣ್ಣಲ್ವಾ?" ಗಣೇಶಮೂರ್ತಿ ಕೇಳಿದರು.

"ನಮ್ಮ ಮನೇಲಿ ಹುತ್ತ ಮುಟ್ಟೋರು ಯಾರೂ ಇಲ್ಲ ಸಾರ್," ಎಂದರು ಮಂಜುನಾಥಪ್ಪ ಗಡಸಾಗಿ. ಅಂಗಳ ಗುಡಿಸುತ್ತಿದ್ದ ಕೆಲಸದ ಹಾಲಮ್ಮ ತಲೆ ಎತ್ತಲಿಲ್ಲ.

ಠಾಣೆಗೆ ಮರಳಿದರೆ ಊರ ಹಿರಿಯ ಮಾರಪ್ಪ ಕಾದು ನಿಂತಿದ್ದ. "ಕಾಡಂಚಿನ ಹುತ್ತಾನ ಯಾರೋ ಅಗೆದಿದ್ದಾರೆ ಸ್ವಾಮಿ. ಹೆಂಗಸ್ರು ಹಾಲೆರೆದು ಅಳ್ತಾ ಕೂತಿದ್ದಾರೆ."

"ಗೆದ್ದಲಿಗೆ ಅಗೆದವರು ಮತ್ತೆ ಬರ್ತಾರೆ," ಎಂದರು ಗಣೇಶಮೂರ್ತಿ. " ನಡಿ ದುಗ್ಗಪ್ಪ, ಕಾಯೋಣ."

ದುಗ್ಗಪ್ಪ ಹಿಂದೆ ಹಿಂದೆಯೇ ನಡೆದ. ಹೆಂಡತಿ ಕೆರಿಯಮ್ಮ ತುಂಬು ಬಸುರಿ. ಬಸುರಿಯ ಗಂಡ ಹುತ್ತಕ್ಕೆ ಕೈಹಾಕಿದರೆ ಹುಟ್ಟುವ ಕೂಸಿನ ಮೈಯೆಲ್ಲ ಹಾವಿನಂತೆ ಪೊರೆ ಬಿಡುತ್ತದೆ ಎಂದು ಅಜ್ಜಿ ಹೇಳಿದ್ದಳು. ಮಟ್ಟಮಧ್ಯಾಹ್ನ, ಪೊದೆಯ ಹಿಂದೆ ಕುಳಿತವನಿಗೆ ಒಂದೊಂದು ತರಗೆಲೆಯ ಸದ್ದೂ ಹಾವು ಹರಿದು ಬಂದಂತೆ ಕೇಳುತ್ತಿತ್ತು.

ಬಂದವಳು ಹಾಲಮ್ಮ. ಹುತ್ತಕ್ಕೆ ಅಡ್ಡಬಿದ್ದಳು, ಕೆನ್ನೆ ಬಡಿದುಕೊಂಡಳು, ಆಮೇಲೆ ಕಣ್ಣುಮುಚ್ಚಿ ಹಾರೆ ಹಾಕಿದಳು.

"ಹುಳ ಯಾರಿಗಮ್ಮ?" ಗಣೇಶಮೂರ್ತಿ ಎದ್ದು ನಿಂತರು.

ಹಾರೆ ಕೆಳಗೆ ಬಿತ್ತು. "ಮರಿಗೆ ಸ್ವಾಮಿ. ಜೀವ ಇರೋ ಹುಳ ಸಿಗದಿದ್ರೆ ತಾಯೇ ಮರೀನ ಕಚ್ಚಿ ಹೊರಗೆ ಎಸೀತದೆ. ಎರಡು ಸಲ ಎಸೀತು."

"ಒಡೆಯರಿಗೆ ಹೇಳಲಿಲ್ವಾ?"

"ಹೇಳ್ದೆ. ಹುತ್ತ ಮುಟ್ಟಿದ್ರೆ ಮನೆತನ ಹಾಳಾಗ್ತದೆ, ನವಣೆ ಹಾಕು ಸಾಕು ಅಂದ್ರು. ಮರಿ ಸತ್ತಾಗ ನನ್ನ ಕಣ್ಣು ತಾಗಿ ಸತ್ತಿದ್ದು ಅಂದ್ರು. ಈ ಸಲ ಕದ್ದು ಹಾಕ್ತಿದ್ದೆ. ಮೊನ್ನೆ ಮಣ್ಣು ಕಂಡು, ಪಂಜರದ ಹತ್ರ ಸುಳೀಬೇಡ ಅಂದ್ಬಿಟ್ರು."

ಅವಳ ಕೊಟ್ಟಿಗೆಯಲ್ಲಿ ಕಂಬಳಿ ಹೊದಿಸಿದ್ದ ಪಂಜರ ಸಿಕ್ಕಿತು. ಜಪ್ತಿ ಪಂಚನಾಮೆಯಾಯಿತು, ದಸ್ತಗಿರಿಯಾಯಿತು.

"ಅವರ ಹಕ್ಕಿ, ಸತ್ರೆ ಸಾಯ್ಲಿ ಅಂತ ಬಿಡಬಹುದಿತ್ತಲ್ಲ?" ಹೇಳಿಕೆ ಬರೆದುಕೊಳ್ಳುತ್ತ ಗಣೇಶಮೂರ್ತಿ ಕೇಳಿದರು.

"ಸೊಸೆ ಹೆರಿಗೆಗೆ ಹೋಗಿದ್ದಾಳೆ ಸ್ವಾಮಿ. ನನ್ನ ಕಣ್ಣು ಮರಿ ತಿಂತದೆ ಅಂತ ಊರೆಲ್ಲ ಆಡ್ಕೊಳ್ತಿದೆ. ಇನ್ನೊಂದು ಸಲ ಸತ್ರೆ ಮೊಮ್ಮಗೂನ ಯಾರು ನನ್ನ ಕೈಗೆ ಕೊಡ್ತಾರೆ?"

ಗಣೇಶಮೂರ್ತಿ ಲೇಖನಿ ಕೆಳಗಿಟ್ಟರು. ಮೇಜಿನ ಮೇಲಿನ ಪಂಜರದಲ್ಲಿ ಮರಿಗಳು ಬಾಯಿ ತೆರೆದು ಚೀರುತ್ತಿದ್ದವು. ತಾಯಿಹಕ್ಕಿ ಗೂಡಿನ ಅಂಚಿಗೆ ಬಂದು ಕೊಕ್ಕು ಚಾಚಿತು.

"ಜಪ್ತಿ ಮಾಡಿದ ಮುದ್ದೆಮಾಲು ಸತ್ತರೆ ಕೋರ್ಟಿಗೆ ಏನಂತ ಬರೀಲಿ ದುಗ್ಗಪ್ಪ?"

ದುಗ್ಗಪ್ಪ ಹಾರೆ ತೆಗೆದುಕೊಂಡು ಹೊರಟ. ತಿರುಗಿ ಬಂದಾಗ ಅವನ ಅಂಗಿ ಬೆವರಿನಿಂದ ಮೈಗಂಟಿತ್ತು, ಕೈಯ ದೊನ್ನೆಯಲ್ಲಿ ಬಿಳಿ ಹುಳಗಳು ಮಿಸುಕಾಡುತ್ತಿದ್ದವು. ಲಾಕಪ್ಪಿನ ಕಂಬಿಗಳ ಸಂದಿಯಿಂದ ಹಾಲಮ್ಮ ಎಳೆಯ ಹುಳ ಆರಿಸಿ ಕೊಟ್ಟಳು.

"ಹುತ್ತ ಮುಟ್ಟಿದ ಕೈನ ಯಾಕೆ ಹಂಗೆ ಒರೆಸ್ಕೊಳ್ತೀಯ ತಮ್ಮ? ಮನೇಲಿ ಬಸುರಿ ಇದ್ದಾಳಾ?"

"ಹೂಂ. ಇವತ್ತೋ ನಾಳೆಯೋ."

ಹಾಲಮ್ಮ ಸರಕ್ಕನೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಹಂಗಿದ್ರೆ ನನ್ನ ಕಣ್ಣೆದುರು ನಿಲ್ಲಬೇಡ, ಹೋಗು."

ದುಗ್ಗಪ್ಪ ನಿಂತೇ ಇದ್ದ, ಅವಳು ಸೆರಗು ತೆಗೆಯುವವರೆಗೆ.