ಗೋಡೆಯ ಮೇಲೆ ಹನ್ನೊಂದು ಚುಕ್ಕಿ

ಸ್ವಪ್ನಾ ಅಂಬರೀಶನನ್ನು ಮೊದಲು ಕಂಡದ್ದು ಜಗಳಕ್ಕೆಂದು ಹೋದ ದಿನ.

ಮಾನ್ವಿಯಿಂದ ರಾಯಚೂರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಟ್ರಸ್ಟಿನ ಆಫೀಸಿನೊಳಗೆ ಹೋದವಳೇ ಮೂಲೆಯ ಮೇಜಿನ ಮುಂದೆ ನಿಂತು ಫೋನು ಚಾಚಿದಳು.

"ವೆಬ್‌ಸೈಟ್ ಮಾಡಿದವ್ರು ನೀವಾ ಏನ್ರಿ? ಇದರಾಗ ಚಾರ್ಟ್ ಎಲ್ಲದ ತೋರಸ್ರಿ. ಊರ ಮಂದಿ ಮುಂದ ಖಾಲಿ ಬಿಳಿ ಹಾಳಿ ತೋರಿಸಿ ನಗಿಗೀಡಾಗಿ ಬಂದೀನಿ."

ಅವನು ಫೋನನ್ನು ನೋಡಲಿಲ್ಲ. ಬೆವರಿನಲ್ಲಿ ಕರಗುತ್ತಿದ್ದ ಅವಳ ಹಣೆಯ ವಿಭೂತಿಯನ್ನು ನೋಡಿದ.

"ಮೊದ್ಲ ಕೂಡ್ರಿ. ಒಂದೀಟು ನೀರು ಕುಡೀರಿ."

"ನೀರಿಂದಾ ಕೆಲಸ ಮಾಡ್ತೀನ್ರಿ ನಾ. ಚಾರ್ಟ್ ತೋರಸ್ರಿ."

ಅವನು ನಗು ನುಂಗಿಕೊಂಡು ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿದ. "ಚಾರ್ಟ್ ಅದ್ರಿ. ಅದು ಕೂಡ್ರೋ ಡಬ್ಬಿಗೆ ಎತ್ತರ ಕೊಡೋದು ಮರತೀನಿ. ದೊಡ್ಡ ಸ್ಕ್ರೀನಿನಾಗ ಕಾಣ್ತದ, ಫೋನಿನಾಗ ಕಾಣಂಗಿಲ್ಲ. ಎತ್ತರ ಇಲ್ಲದ ಮನ್ಯಾಗ ಯಾರು ನಿಂದ್ರತಾರ, ನೀವಾ ಹೇಳ್ರಿ?"

ಒಂದು ಸಾಲು ಬರೆದ. ಅವಳ ಕೈಯಲ್ಲಿದ್ದ ಬಿಳಿ ಹಾಳೆಯ ಮೇಲೆ ಗೆರೆಯೊಂದು ಮೂಡಿತು. ಸ್ವಪ್ನಾಳಿಗೆ ಜಗಳ ಮುಂದುವರಿಸಲು ಕಾರಣ ಉಳಿಯಲಿಲ್ಲ. ಆದರೂ ಅವಳು ಕೂತಳು.

ಅವಳ ಕೆಲಸ ಸರಳವಾದದ್ದು. ಮಲ್ಲಟದ ಆಚೆಯ ಒಂದು ಸಣ್ಣ ಊರಿನಲ್ಲಿ ಟ್ರಸ್ಟಿನವರು ಕುಡಿಯುವ ನೀರಿನ ಮಷಿನ್ ಕೂರಿಸಿದ್ದರು. ಆ ಭಾಗದ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಮಂಡಿ ಬಾಗುತ್ತದೆ. ಸೋಮವಾರಕ್ಕೊಮ್ಮೆ ಅವಳು ಮಷಿನ್ನಿನಿಂದ ಒಂದು ಬಾಟಲಿ ನೀರು ತುಂಬಿಸಿ ಲ್ಯಾಬಿಗೆ ಮುಟ್ಟಿಸಬೇಕು. ಲ್ಯಾಬಿನ ಅಂಕಿ ಬುಧವಾರ ನೇರವಾಗಿ ವೆಬ್‌ಸೈಟಿನ ಚಾರ್ಟಿಗೆ ಹೋಗುತ್ತದೆ. ನಡುವೆ, ಲೀಟರಿಗೆ ಒಂದೂವರೆ ಮಿಲಿಗ್ರಾಂ ಎನ್ನುವಲ್ಲಿ ಕೆಂಪು ಗೆರೆ. ಗೆರೆಯ ಕೆಳಗಿದ್ದರೆ ಕುಡಿಯಬಹುದು, ಮೇಲಿದ್ದರೆ ಕೂಡದು. ಅದನ್ನು ಊರಿನವರಿಗೆ ತೋರಿಸಿ ಹೇಳುವವಳೂ ಅವಳೇ.

"ಈ ಅಂಕುಡೊಂಕು ಗೆರಿ ನಮ್ಮ ಮಂದಿಗಿ ತಿಳಿಯಂಗಿಲ್ರಿ," ಎಂದಳು ಇನ್ನೊಮ್ಮೆ ಬಂದಾಗ. "ಗೆರಿ ತೆಗೆದು ಬರೇ ಚುಕ್ಕಿ ಇಡ್ರಿ. ರಂಗೋಲಿ ಚುಕ್ಕಿ ಇದ್ದಂಗ."

"ನೀವು ಕೇಳಿದ ಮ್ಯಾಲ ಇಲ್ಲ ಅನ್ನಾಕ ಆಗ್ತದೇನು?" ಎಂದ ಅವನು, ಕಣ್ಣು ಮಾತ್ರ ಎತ್ತಿ.

ಆ ನೋಟವನ್ನು ಅವಳು ಮಾನ್ವಿಯವರೆಗೆ ಬಸ್ಸಿನಲ್ಲಿ ಜೋಪಾನವಾಗಿ ಒಯ್ದಳು.

ಬುಧವಾರ ಹೊಸ ಚುಕ್ಕಿ ಬಂತು. ಬೆರಳಿಟ್ಟರೆ ಸಣ್ಣ ಡಬ್ಬಿಯೊಂದು ತೆರೆದು ಅಂಕಿ ತೋರಿಸಿತು. ಅಂಕಿಯ ಕೆಳಗೆ, ಅವಳ ಲಾಗಿನ್‌ಗೆ ಮಾತ್ರ ಕಾಣುವಂತೆ, ಇನ್ನೊಂದು ಸಾಲು: "ಬಿಸಿಲು ಭಾಳ ಅದ, ತಲಿ ಮ್ಯಾಲ ಸೆರಗು ಹಾಕ್ಕೋರಿ."

ಅಂದಿನಿಂದ ಬುಧವಾರ ಎಂದರೆ ಅವಳಿಗೆ ಹಬ್ಬ. ಒಮ್ಮೆ "ಊಟ ಆತೇನು?" ಎಂದಿರುತ್ತಿತ್ತು. ಒಮ್ಮೆ "ದೇವದುರ್ಗಕ್ಕ ಹೋಗಿದ್ದೆ, ಅವ್ವ ನಿಮ್ಮ ಸುದ್ದಿ ಕೇಳಿದಳು" ಎಂದು. ನಾಲ್ಕನೆಯ ವಾರ ‘ನಿಮ್ಮ’ ಹೋಗಿ ‘ನಿನ್ನ’ ಬಂದಿತ್ತು. ಅವಳ ತಾಯಿ ಶಿವಬಸಮ್ಮ, "ನೀರಿನ ಲೆಕ್ಕಾ ನೋಡಿ ಯಾರಾರ ನಗ್ತಾರೇನ ಬೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೂ ನಕ್ಕಿದ್ದಳು. ತಂದೆ ತೀರಿಕೊಂಡ ವರ್ಷ ಅದು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನಗಳಾಗಿದ್ದವು.

ಆರನೆಯ ವಾರ ಅಂಬರೀಶ ಅವಳಿಗೆ ಒಂದು ಸ್ಟೀಲ್ ಬಾಟಲಿ ಕೊಟ್ಟ. ಅದರ ಮೇಲೆ ಅವಳ ಹೆಸರು ಕೊರೆಸಿದ್ದ.

"ಮನಿ ನೀರು ಒಯ್ಯಿ. ಹೋದಲ್ಲೆಲ್ಲಾ ಕುಡಿಬ್ಯಾಡ."

"ಇಷ್ಟ ಕಾಳಜಿ ಯಾಕೋ?"

"ಕಾಳಜಿ ಮಾಡೋರು ಬ್ಯಾರೆ ಯಾರದಾರ ನಿನಗ?"

ಅವಳು ಬಾಟಲಿಯನ್ನು ಹೆಗಲಿಗೆ ಹಾಕಿಕೊಂಡಳು. ತಾಳಿಗಿಂತ ಮೊದಲು ಬಂದ ಒಡವೆ ಅದು ಎಂದು ಮನಸ್ಸಿನಲ್ಲೇ ನಾಚಿದಳು.

ಆ ವಾರವೇ ಚಾರ್ಟಿನ ರೂಪ ಬದಲಾಯಿತು. ಕೆಂಪು ಗೆರೆ ನಡುವಿನಿಂದ ಏರಿ ಮೇಲಿನ ಅಂಚಿಗೆ ಕೂತಿತು, ಚುಕ್ಕಿಗಳು ದೊಡ್ಡದಾದವು. "ನಿನ್ನ ಮಂದಿಗಿ ಛಲೋ ಕಾಣ್ಲಿ ಅಂತ," ಎಂದ ಅಂಬರೀಶ. ಕೆಲವು ಬುಧವಾರ ಚುಕ್ಕಿ ಬರಲಿಲ್ಲ, ಮಾತೂ ಬರಲಿಲ್ಲ. ಕೇಳಿದರೆ, "ಲ್ಯಾಬಿನವ್ರು ತಡ ಮಾಡ್ಯಾರ," ಎನ್ನುತ್ತಿದ್ದ. ತನ್ನ ಮೇಲೆ ಮುನಿಸೋ ಏನೋ ಎಂದು ಅವಳು ಕೊರಗಿದಳೇ ಹೊರತು ಬೇರೆ ಸಂಶಯ ಅವಳಿಗೆ ಬರಲಿಲ್ಲ. ಪ್ರೀತಿಸುವವರು ಮೊದಲು ತಮ್ಮ ತಪ್ಪನ್ನೇ ಹುಡುಕುತ್ತಾರೆ.

ಸಂಶಯ ಬಂದದ್ದು ಬಸವಂತಮ್ಮನಿಗೆ.

ಮಷಿನ್ನಿನ ಬೀಗದ ಕೈ ಬಸವಂತಮ್ಮನ ಸೊಂಟದಲ್ಲಿರುತ್ತಿತ್ತು. ಮನೆ ಅದರ ಎದುರಿಗೇ. ಓದು ಬಾರದ ಮುದುಕಿ. ಸೋಮವಾರ ಶಿವನ ವಾರವೆಂದು ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುವಳು. ಸ್ವಪ್ನಾ ಬಾಟಲಿ ತುಂಬಿದೊಡನೆ ಒದ್ದೆ ವಿಭೂತಿಯ ಬೆರಳಿನಿಂದ ತನ್ನ ಮಣ್ಣಿನ ಗೋಡೆಯ ಮೇಲೆ ಒಂದು ಚುಕ್ಕಿ ಇಡುವಳು. ಹನ್ನೊಂದನೆಯ ಚುಕ್ಕಿಯಿಟ್ಟ ವಾರದ ಗುರುವಾರ, ಸ್ವಪ್ನಾ ತೋರಿಸಿದ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬೆರಳು ಮಡಚಿ ಎಣಿಸಿದಳು.

"ಯವ್ವಾ, ನನ್ನ ಗ್ವಾಡಿ ಮ್ಯಾಲ ಹನ್ನೊಂದು ಅದಾವ. ನಿನ್ನ ಪೋನಿನಾಗ ಏಳಾ ಅದಾವಲ್ಲ?"

"ಲ್ಯಾಬಿಂದ ಬಂದಿಲ್ಲ ಬೇ ಉಳಿದವು."

"ಬರ್ತಾವೇಳು. ನೀ ಛಲೋ ಅದ ಅಂದಿ ಅಂತ ಮೊಮ್ಮಕ್ಕಳಿಗಿ ಇದನ್ನಾ ಕುಡಿಸಾಕತ್ತೀವಿ. ಮಷಿನ್ ಏನು ಹೇಳ್ತದೋ ಯಾರಿಗ್ಗೊತ್ತು? ನಮಗ ನಿನ್ನ ಮಾತಾ ಸಾಕು."

ಆ ಮಾತು ಸ್ವಪ್ನಾಳ ಎದೆಯಲ್ಲಿ ಕೂತಿತು. ಬಸ್ಸಿನಲ್ಲಿ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಿದಳು. ಏಳೇ ಚುಕ್ಕಿ. ಮಾನ್ವಿಗೆ ಇಳಿದು ಲ್ಯಾಬಿಗೆ ಫೋನು ಮಾಡಿದಳು. ಒಂದು ವಾರವೂ ತಪ್ಪಿಲ್ಲ, ಎಲ್ಲ ಕಳಿಸಿದ್ದೇವೆ ಎಂದರು.

ಅವಳು ಕುಬ್ರಾ ಬೇಗಂ ಅವರ ಝೆರಾಕ್ಸ್ ಅಂಗಡಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ತನ್ನ ಲಾಗಿನ್ ಹಾಕಿದಳು. ಚಾರ್ಟ್ ಕೆಟ್ಟರೆ ಎಲ್ಲಿಂದ ನೋಡಬೇಕೆಂದು ಅಂಬರೀಶನೇ ಹೇಳಿಕೊಟ್ಟಿದ್ದ: ಮೊದಲು ಅಂಕಿ, ಆಮೇಲೆ ಅಳತೆ, ಕಡೆಗೆ ಬಣ್ಣ. ಎಫ್ ಹನ್ನೆರಡು ಒತ್ತಿ ಪುಟದ ಒಳಭಾಗ ತೆರೆದಳು. ಚಾರ್ಟಿಗೆ ಬಂದ ಅಂಕಿಗಳ ಪಟ್ಟಿ ಸಿಕ್ಕಿತು. ಹನ್ನೊಂದೂ ಇದ್ದವು. ಅಡುಗೆ ಆಗಿತ್ತು; ಬಡಿಸುವವರು ಬಡಿಸಿರಲಿಲ್ಲ.

ಆಮೇಲೆ ಅಳತೆ ನೋಡಿದಳು. ಎಡಬದಿಯ ಅಳತೆಪಟ್ಟಿ ಎಲ್ಲಿಯವರೆಗೆ ಏರಬೇಕೆಂದು ಹೇಳುವ ಜಾಗದಲ್ಲಿ ಯಾರೋ ಕೈಯಾರೆ ಬರೆದಿದ್ದರು. ಮ್ಯಾಕ್ಸ್: 1.5. ಅದಕ್ಕಿಂತ ಮೇಲಿನದೆಲ್ಲ ಚೌಕಟ್ಟಿನ ಹೊರಗೆ. ಚುಕ್ಕಿಗಳನ್ನು ಕೂಡಿಸುವ ಗೆರೆ ಇದ್ದಿದ್ದರೆ ಅದು ಮೇಲಕ್ಕೆ ಹರಿದು ಹೋದದ್ದಾದರೂ ಕಾಣುತ್ತಿತ್ತು. ಗೆರೆ ಬೇಡ, ಚುಕ್ಕಿ ಸಾಕು ಎಂದವಳು ತಾನೇ.

ತನ್ನ ಪರದೆಯ ಮಟ್ಟಿಗೆ ಅದನ್ನು 3 ಮಾಡಿ ಎಂಟರ್ ಒತ್ತಿದಳು. ಕೆಂಪು ಗೆರೆ ನಡುವಿಗೆ ಇಳಿಯಿತು. ಅದರ ಮೇಲೆ ನಾಲ್ಕು ಚುಕ್ಕಿಗಳು ಒಂದೊಂದಾಗಿ ಎದ್ದವು. 1.9. 2.3. 1.8. 2.1.

ಮೊದಲನೆಯದು ಆರನೆಯ ಸೋಮವಾರದ್ದು. ಅದರ ಮೇಲೆ ಮೌಸ್ ಇಟ್ಟಳು. ಅಂಕಿಯ ಕೆಳಗೆ ಒಂದು ಸಾಲು, ಅವಳು ಎಂದೂ ಕಂಡಿರದದ್ದು: "ಬಾಟ್ಲಿ ಕೊಡ್ತೀನಿ. ನೀ ಮಾತ್ರ ಈ ನೀರು ಕುಡಿಬ್ಯಾಡ."

"ಕ್ಯಾ ಹುವಾ ಮಾ? ಮುಖ ಯಾಕ ಹಿಂಗಾತು?" ಎಂದರು ಕುಬ್ರಾ ಬೇಗಂ.

"ಏನಿಲ್ರಿ. ಚಾರ್ಟ್ ಸರಿ ಆತು."

ಮರುದಿನ ಬೆಳಿಗ್ಗೆ ಪೂಜೆಗೆ ಕೂತು ಕಣ್ಣು ಮುಚ್ಚಿದರೆ ಶಿವನ ಬದಲು ಆ ಬಾಟಲಿಯೇ ಕಂಡಿತು. ಎದ್ದು ರಾಯಚೂರಿನ ಬಸ್ಸು ಹತ್ತಿದಳು.

ಅಂಬರೀಶ ಅವಳನ್ನು ಕಂಡು ಎಂದಿನಂತೆ ಕುರ್ಚಿ ಎಳೆದ. ಅವಳು ಕೂರಲಿಲ್ಲ.

"ಹನ್ನೊಂದು ಅದಾವ್ರಿ," ಎಂದಳು.

ಅವನ ಕೈ ಕುರ್ಚಿಯ ಮೇಲೇ ನಿಂತಿತು. ಕುರ್ಚಿ ಬಿಟ್ಟು ಹೇಳಿದ, "ವಿರೂಪಣ್ಣ ಸಾಹುಕಾರ್ರು ಹೇಳಿದ್ರು."

ವಿರೂಪಣ್ಣ ರೈಸ್ ಮಿಲ್ಲಿನ ಯಜಮಾನರು, ಟ್ರಸ್ಟು ಅವರದು. ಮಷಿನ್ನಿನ ಮೇಲೆ ಅವರ ತೀರಿಹೋದ ತಾಯಿಯ ಹೆಸರಿತ್ತು.

"‘ಅವ್ವನ ಹೆಸರಿನ ಮಷಿನ್ ಕೆಟ್ಟದ ಅಂತ ಮಂದಿ ನೋಡಬಾರ್ದು, ಎರಡು ವಾರದಾಗ ಫಿಲ್ಟರ್ ಬದಲಿ ಮಾಡಸ್ತೀನಿ, ಅಲ್ಲಿತನ ಕಾಣದಂಗ ಮಾಡು’ ಅಂದ್ರು."

"ಎಷ್ಟ ವಾರ ಆತು?"

"ಆರು."

"ಬದಲಿ ಆತೇನು?"

ಅವನು ತಲೆ ತಗ್ಗಿಸಿದ. "ನಾ ಅಂಕಿ ಒಂದೂ ತಿದ್ದಿಲ್ಲ ಸ್ವಪ್ನಾ. ಎಲ್ಲಾ ಇದ್ದಂಗಾ ಅದಾವ."

"ಹೌದ್ರಿ. ಕೂಸುಗಳ ಹಲ್ಲಿನಾಗೂ ಇದ್ದಂಗಾ ಇರ್ತಾವ."

"ಕೆಲಸ ಖಾಯಂ ಮಾಡ್ತೀನಿ ಅಂದಿದ್ರು. ಖಾಯಂ ಆದ್ರ ಶ್ರಾವಣದಾಗ ಅವ್ವನ್ನ ಕರ್ಕೊಂಡು ನಿಮ್ಮ ಮನಿಗಿ ಬರಾಕಿದ್ದೆ. ನಿನ್ನ ಸಲುವಾಗಿ..."

"ನನ್ನ ಹೆಸರು ಇದಕ ಹಚ್ಚಬ್ಯಾಡ್ರಿ." ಅವಳು ಹೆಗಲಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ಕೊಟ್ಟ ದಿನ ನಿಮಗ ಗೊತ್ತಿತ್ತು. ನನ್ನ ಒಬ್ಬಾಕಿಗಿ ಬಾಟ್ಲಿ ಕೊಟ್ರಿ. ನಾ ಇದನ್ನ ಹೆಗಲಿಗಿ ಹಾಕ್ಕೊಂಡು ಅವ್ರ ಮುಂದ ನಿಂತು ‘ನಿಮ್ಮ ನೀರು ಛಲೋ ಅದ’ ಅಂತ ಹೇಳಿ ಬಂದೆ. ಆರು ವಾರ."

ಅವನ ಕಣ್ಣು ತುಂಬಿದವು. ಆ ಕಣ್ಣುಗಳನ್ನು ಅವಳು ಈಗಲೂ ಪ್ರೀತಿಸುತ್ತಿದ್ದಳು. ಅದೇ ಅವಳಿಗೆ ಸಹಿಸಲಾಗದ ಸಂಗತಿಯಾಗಿತ್ತು.

"ತೆಗೀರಿ ಅದನ್ನ. ನಿಮ್ಮ ಕೈಯಿಂದಾನ ತೆಗೀರಿ."

"ಸಾಹುಕಾರ್ರು ನನ್ನ ಇಟ್ಕೊಳ್ಳಂಗಿಲ್ಲ."

"ಗೊತ್ತದ."

ಅವನು ಕೂತ. 1.5 ಅಳಿಸಿ 3 ಬರೆದ. ಕ್ಷಣ ಹೊತ್ತು ಬೆರಳು ತಡೆಯಿತು, ಆಮೇಲೆ ಒತ್ತಿತು. ಸ್ವಪ್ನಾ ತನ್ನ ಫೋನಿನಲ್ಲಿ ಎಣಿಸಿದಳು. ಹನ್ನೊಂದು.

"ನಾ ಬರೆದ ಮಾತು?" ಎಂದ, ಸಣ್ಣ ದನಿಯಲ್ಲಿ.

"ಅವನ್ನೂ."

"ಎಲ್ಲಾ?"

"ಎಲ್ಲಾ."

ಬಾಗಿಲವರೆಗೆ ಹಿಂದೆ ಬಂದ. "ಸಿಟ್ಟು ಇಳಿದ ಮ್ಯಾಲಾದ್ರ..."

ಅವಳು ತಿರುಗಿ ನಿಂತಳು. ಮೊದಲ ದಿನ ಅವನು ನೋಡಿದ್ದ ಹಾಗೆಯೇ ಅವನನ್ನು ಪೂರ್ತಿಯಾಗಿ ನೋಡಿದಳು.

"ನಾ ಸಿಟ್ಟಾಗಿ ಹೊಂಟಿಲ್ರಿ. ಸಿಟ್ಟಾಗಿದ್ರ ತಿರುಗಿ ಬರ್ತಿದ್ದೆ."

ಅಂದು ಸಂಜೆಯೇ ಅವಳು ಆ ಊರಿಗೆ ಹೋಗಿ, ಮಂದಿಯನ್ನು ಕೂಡಿಸಿ, ನಡೆದದ್ದನ್ನು ತನ್ನ ಬಾಯಿಂದಲೇ ಹೇಳಿದಳು. ಕೆಲವರು ಬೈದರು. ಬೈಸಿಕೊಂಡಳು. ಬಸವಂತಮ್ಮ ಎದ್ದು ಹೋಗಿ ಮಷಿನ್ನಿಗೆ ಬೀಗ ಜಡಿದಳು.

ಸೋಮವಾರ ಟ್ಯಾಂಕರ್ ನೀರು ಬಂದಿತ್ತು; ಕೊಡಗಳ ಸಾಲು ಉದ್ದವಿತ್ತು. ಪರೀಕ್ಷೆಗೆಂದು ಮಷಿನ್ನಿನ ಬೀಗ ತೆಗೆಸಿ ಸ್ವಪ್ನಾ ಹನ್ನೆರಡನೆಯ ಬಾಟಲಿ ತುಂಬಿಸಿದಳು. ಬಸವಂತಮ್ಮ ಗೋಡೆಗೆ ಚುಕ್ಕಿಯಿಟ್ಟು, ಬೆರಳಲ್ಲಿ ಉಳಿದ ವಿಭೂತಿಯನ್ನು ಅವಳ ಹಣೆಗೆ ಒರೆಸಿದಳು.

"ನಿನ್ನ ಬಾಟ್ಲಿ ಎಲ್ಲದ ಬೇ? ಹೆಗಲು ಬರಿದಾಗ್ಯದಲ್ಲ."

"ತಿರುಗಿ ಕೊಟ್ಟೆ ಯವ್ವಾ."

ಮುದುಕಿ ಟ್ಯಾಂಕರಿನ ಸಾಲಿಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಬುಧವಾರ ಹೊಸ ಚುಕ್ಕಿ ಬಂತು, ಕೆಂಪು ಗೆರೆಯ ಮೇಲೆ. ಸ್ವಪ್ನಾ ರೂಢಿಯಂತೆ ಬೆರಳಿಟ್ಟಳು. 2.2 ಎಂದಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

ಬೆರಳು ತೆಗೆದು ಇನ್ನೊಮ್ಮೆ ಒತ್ತಿದಳು. ಅಂಕಿಯಷ್ಟೇ ಇತ್ತು.