ನಾಲ್ಕನೆಯ ನಕ್ಷತ್ರ ಸರಿದಿತ್ತು

2019ರ ನವೆಂಬರ್ 14, ಗುರುವಾರ, ಮಧ್ಯಾಹ್ನ 2 ಗಂಟೆ 40 ನಿಮಿಷ.

ಬಾಗಿಲು ತಟ್ಟದೆ ಒಳಬಂದವನನ್ನು ಕಂಡು ಅವಳ ಮೈಯೆಲ್ಲ ಉರಿದುಹೋಯಿತು.

"ಯಾರು ಕರೆದ್ರು ನಿಮ್ಮನ್ನ?"

"ಯಾರೂ ಕರೀಲಿಲ್ಲ. ನಿನ್ನ ಪ್ರಬಂಧ ನಾಳೆ ಹೋಗುತ್ತಂತೆ. ಕಳಿಸ್ಬೇಡ. ಗ್ಯಾಲಕ್ಸಿ ತಪ್ಪು."

"ಶುರುವಾಯ್ತಾ! ನಮ್ಮ ಮದುವೆ ಮಾತು ಮುರಿದಿದ್ದು ಸಾಲ್ದಾ? ಈಗ ನನ್ನ ಕೆಲಸಕ್ಕೂ ಕಲ್ಲು ಹಾಕ್ಬೇಕಾ?"

ಅವನು ದೂರದರ್ಶಕದಲ್ಲಿ ಚಿತ್ರ ತೆಗೆಯುವವನು. ಅವಳು ಆ ಚಿತ್ರಗಳಲ್ಲಿ ಗಾಮಾ ಕಿರಣ ಸ್ಫೋಟಗಳ ತವರನ್ನು ಹುಡುಕುವವಳು. ಸ್ಫೋಟದ ಬೆಳಕು ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಆಮೇಲೆ ತೆಗೆದ ಚಿತ್ರವನ್ನು ಹಳೆಯದರ ಮೇಲಿಟ್ಟು, ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ, ಅದು ಯಾವ ಗ್ಯಾಲಕ್ಸಿಯಲ್ಲಿ ಉರಿಯಿತೆಂದು ಹೇಳಬೇಕು. ಅವಳು ಹೊಳೆಯುವ ಒಂದು ಸುರುಳಿ ಗ್ಯಾಲಕ್ಸಿಯನ್ನು ತೋರಿಸಿದ್ದಳು. ಅವಳ ಕೆಲಸ ಖಾಯಂ ಆಗುವುದು ಈ ಪ್ರಬಂಧದ ಮೇಲೇ ನಿಂತಿತ್ತು.

ಜೂನ್ ತಿಂಗಳ ಸಭೆಯಲ್ಲಿ ಅವನು, "ಇದನ್ನ ಕಣ್ಣಿಲ್ಲದೆ ಹೊಂದಿಸಿದ ಹಾಗಿದೆ!" ಎಂದಿದ್ದ. ಸಭೆಯೆಲ್ಲ ನಕ್ಕಿತ್ತು. ಅಂದೇ ಸಂಜೆ ಅವಳು ಅಮ್ಮನಿಗೆ, ಈ ಸಂಬಂಧ ಬೇಡ ಎಂದುಬಿಟ್ಟಳು.

"ಅಷ್ಟು ಜನರ ಮುಂದೆ ಮರ್ಯಾದೆ ಕಳೆದ್ರಲ್ಲ, ಹೊಟ್ಟೆ ತುಂಬ್ಲಿಲ್ವಾ?"

"ಕಂಪ್ಯೂಟರ್ ಪ್ರೋಗ್ರಾಂ ಹೊಂದಿಸಿದ್ದು ಅಂದ್ಕೊಂಡಿದ್ದೆ ಕಣೇ! ಯಾವಾಗ್ಲೂ ಅದೇ ತಾನೆ ಮಾಡೋದು? ನೀನು ಕೈಯಾರೆ ಮಾಡಿದ್ದು ಅಂತ ಮೊನ್ನೆ ನಿಮ್ಮಕ್ಕ ಬೈದಾಗ್ಲೇ ಗೊತ್ತಾಗಿದ್ದು."

ಹೊಂದಿಸಲು ಇದ್ದದ್ದೇ ನಾಲ್ಕು ನಕ್ಷತ್ರ, ಪ್ರೋಗ್ರಾಂ ಕೈಚೆಲ್ಲಿತ್ತು. ತಾನೇ ಕೂತು ಹೊಂದಿಸಿದ್ದನ್ನು ಅವಳು ಅಕ್ಕನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವನಿಗೆ ವಿವರಿಸಲು ಬಿಟ್ಟಿದ್ದೆನಾ ನಾನು...?

"ಆದ್ರೂ ತಪ್ಪು ತಪ್ಪೇ," ಎಂದ. ಮಹಾ ಹಟಮಾರಿ! "ಎರಡೂ ಚಿತ್ರಗಳ ನಡುವೆ ಮೂರು ವರ್ಷ ಇದೆ. ಆ ಮೂಲೆಯ ಕೆಂಪು ನಕ್ಷತ್ರ ನಮಗೆ ತೀರಾ ಹತ್ತಿರದ್ದು. ಅಷ್ಟರಲ್ಲಿ ಜಾಗ ಬಿಟ್ಟು ಸರಿದಿದೆ."

"ಸುಳ್ಳು!"

"ಅದನ್ನ ಬಿಟ್ಟು ಹೊಂದಿಸು. ನಾನು ಮುಟ್ಟಲ್ಲ."

ಹಲ್ಲು ಕಚ್ಚಿಕೊಂಡು ಕೀಲಿಮಣೆ ಎಳೆದುಕೊಂಡಳು. ಮೂರೇ ನಕ್ಷತ್ರಗಳಿಂದ ಹೊಂದಿಸಿದಳು. ಸ್ಫೋಟದ ಗುರುತು ಹೊಳೆಯುವ ಸುರುಳಿಯನ್ನು ಬಿಟ್ಟು ಪಕ್ಕಕ್ಕೆ ಜಾರಿ, ಅವಳು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಮಸುಕು ಗ್ಯಾಲಕ್ಸಿಯ ಮೇಲೆ ಕೂತಿತು.

ಕಣ್ಣು ತುಂಬಿ ಬಂತು.

"ಹೀಗೇ ಕಳಿಸಿದ್ರೆ ಏನ್ಮಾಡ್ತೀಯ?"

"ಏನೂ ಮಾಡಲ್ಲ. ಯಾರಿಗೂ ಹೇಳಲ್ಲ. ಆದ್ರೆ... ನಿನಗೇ ನಿದ್ದೆ ಬರಲ್ಲ."

ಅವಳು ಫೋನ್ ಎತ್ತಿಕೊಂಡು ವಿಭಾಗದ ಮುಖ್ಯಸ್ಥೆಗೆ ಹೇಳಿದಳು: "ಮೇಡಂ, ನಾಳೆ ಪ್ರಬಂಧ ಹೋಗಲ್ಲ. ತಪ್ಪು ನನ್ನದೇ. ಹೊಸದಾಗಿ ಬರೀತೀನಿ."

ಫೋನ್ ಇಟ್ಟು ಅವನತ್ತ ಕೆಕ್ಕರಿಸಿ ನೋಡಿದಳು.

"ಅವತ್ತು ಸಭೆಯಲ್ಲಿ ಬಾಯಿ ಬಿಡೋ ಮುಂಚೆ ನನ್ನನ್ನ ಕೇಳ್ಬೇಕಿತ್ತು ಕಣೋ!"

"ಕೇಳ್ಬೇಕಿತ್ತು. ತಪ್ಪಾಯ್ತು. ಈಗ ಕೇಳ್ಲಾ...? ನನ್ನನ್ನ ಮದುವೆ ಆಗ್ತೀಯಾ?"

"ಮೊದಲು ಅಳತೆ ಬರ್ಕೋ."

"ಆಮೇಲೆ?"

"ಆಮೇಲೆ ಇಬ್ರೂ ಹೋಗಿ ಅಮ್ಮನ ಹತ್ರ ಬೈಸ್ಕೊಳ್ಳೋಣ. ಬರ್ಕೋ ಅಂದೆ!"

ಅವನು ಪೆನ್ನು ತೆಗೆದ. ಅವಳು ಕಣ್ಣೊರೆಸಿಕೊಂಡು ಪರದೆ ನೋಡಿ ಓದಿದಳು. ಸ್ಫೋಟದ ಜಾಗದಿಂದ ಮಸುಕು ಗ್ಯಾಲಕ್ಸಿಯ ನಡುವಿಗೆ 0.2 ಆರ್ಕ್‌ಸೆಕೆಂಡ್, ಆಕಾಶದಲ್ಲಿ ಕೂದಲೆಳೆಯಷ್ಟು ದೂರ.